ಗ್ರಾಮೀಣ ಕೆರೆ ಏರಿಗಳ ಸುರಕ್ಷತೆ ಮತ್ತು ನೀರಿನ ಸಂಗ್ರಹಣೆ: ಸಾರ್ವಜನಿಕರ ತಿಳಿವಳಿಕೆಗಾಗಿ

ಪೀಠಿಕೆ

ಕೆರೆಯು ನೀರಾವರಿಯ ಮೂಲವೆಂಬುದನ್ನು ನಮ್ಮ ರಾಜ್ಯದ ಗ್ರಾಮೀಣ ಜನರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದರೆ ಕೆರೆಯ ಏರಿಯು ಒಂದು ಅಣೆಕಟ್ಟು ಎಂಬ ಸಂಗತಿಯು ಅಷ್ಟಾಗಿ ಗಮನದಲ್ಲಿರುವುದಿಲ್ಲ. ಅಣೆಕಟ್ಟು ಎಂದೊಡನೆ ಕೃಷ್ಣರಾಜಸಾಗರ, ಲಿಂಗನಮಕ್ಕಿ, ಆಲಮಟ್ಟಿಗಳು ಕಣ್ಮುಂದೆ ಬರುತ್ತವೆಯೇ ಹೊರತು, ಊರಿನ ಮೇಲ್ಭಾಗದಲ್ಲಿ ಹುಲ್ಲು ಬೆಳೆದು ನಿಂತಿರುವ, ಎತ್ತಿನಗಾಡಿ ಮತ್ತು ಟ್ರ್ಯಾಕ್ಟರುಗಳು ಓಡಾಡುವ ಮಣ್ಣಿನ ದಿಬ್ಬ ನೆನಪಾಗುವುದಿಲ್ಲ. ದೊಡ್ಡ ಅಣೆಕಟ್ಟೆಯನ್ನು ಕಾಯಲು ಎಂಜಿನಿಯರುಗಳು, ಮಾಪಕ ಯಂತ್ರಗಳು, ನಿಯಂತ್ರಣ ಕೊಠಡಿಗಳು ಇರುತ್ತವೆ. ಊರ ಕೆರೆಯನ್ನು ದಿನನಿತ್ಯ ಕಾಯುವವರು ಊರಿನವರೇ. ಆದಕಾರಣ ಏರಿಯ ರಚನೆ, ಅದು ಕೆಡುವ ಬಗೆ, ನೀರಿನ ಲೆಕ್ಕ ಹಾಗೂ ಅಪಾಯದ ಸಂದರ್ಭದಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂಕಿ. ಇವುಗಳಲ್ಲಿ ಹಲವು ಶತಮಾನಗಳಷ್ಟು ಹಳೆಯವು. ಕೆರೆಯನ್ನು ಕಟ್ಟಿಸಿದವರಿಗೆ ಮತ್ತು ದುರಸ್ತಿ ಮಾಡಿಸಿದವರಿಗೆ ಭೂಮಿಯನ್ನು ಬಿಟ್ಟುಕೊಡುವ ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ವ್ಯವಸ್ಥೆಗಳು ಶಾಸನಗಳಲ್ಲಿ ದಾಖಲಾಗಿವೆ. ಕೆರೆಯನ್ನು ಕಟ್ಟುವುದು ಎಷ್ಟು ಮುಖ್ಯವೋ ಅದನ್ನು ನಿರ್ವಹಿಸುವುದಕ್ಕೆ ಹಣದ ಮೂಲವನ್ನು ಗೊತ್ತುಪಡಿಸುವುದೂ ಅಷ್ಟೇ ಮುಖ್ಯವೆಂದು ನಮ್ಮ ಹಿಂದಿನವರು ತಿಳಿದಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೆರೆಯು ಯಾರ ಸುಪರ್ದಿನಲ್ಲಿದೆ?

ಸಾರ್ವಜನಿಕರು ಮೊದಲು ತಿಳಿಯಬೇಕಾದ ಅಂಶ ಇದು. ಅರ್ಜಿಯು ತಪ್ಪು ಕಚೇರಿಗೆ ಹೋದಲ್ಲಿ ಅದು ಸರಿಯಾದ ಕಚೇರಿಯನ್ನು ತಲುಪುವಷ್ಟರಲ್ಲಿ ಮಳೆಗಾಲವೇ ಮುಗಿದಿರಬಹುದು. ಸ್ಥೂಲವಾಗಿ ವಿಂಗಡಣೆಯು ಈ ಕೆಳಕಂಡಂತಿದೆ:

1. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು: ಪಂಚಾಯತ್ ರಾಜ್ ಸಂಸ್ಥೆಗಳು.
2. ಅಚ್ಚುಕಟ್ಟು 40 ಹೆಕ್ಟೇರಿನಿಂದ 2,000 ಹೆಕ್ಟೇರಿನವರೆಗೆ ಇರುವ ಕೆರೆಗಳು: ಸಣ್ಣ ನೀರಾವರಿ ಇಲಾಖೆ.
3. ಅದಕ್ಕೂ ಹೆಚ್ಚಿನ ಅಚ್ಚುಕಟ್ಟು ಉಳ್ಳವು: ಜಲಸಂಪನ್ಮೂಲ ಇಲಾಖೆ ಮತ್ತು ಅದರ ನಿಗಮಗಳು.
4. ನಗರ ವ್ಯಾಪ್ತಿಯ ಕೆರೆಗಳು: ಸಾಮಾನ್ಯವಾಗಿ ಆಯಾ ನಗರ ಸ್ಥಳೀಯ ಸಂಸ್ಥೆಗಳು.

ಸಂಖ್ಯೆಯಲ್ಲಿ ಬಹುಪಾಲು ಕೆರೆಗಳು ಮೊದಲನೆಯ ವರ್ಗಕ್ಕೆ ಸೇರಿದವು.

ಕೇಂದ್ರ ಸರ್ಕಾರದ ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021 ಜಾರಿಯಲ್ಲಿದೆ. ಇದು 15 ಮೀಟರಿಗಿಂತ ಹೆಚ್ಚು ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10 ರಿಂದ 15 ಮೀಟರ್ ಎತ್ತರದವುಗಳಿಗೆ, 500 ಮೀಟರ್ ಅಥವಾ ಹೆಚ್ಚು ಉದ್ದ, 10 ಲಕ್ಷ ಘನ ಮೀಟರ್ ಅಥವಾ ಹೆಚ್ಚು ಸಂಗ್ರಹ ಸಾಮರ್ಥ್ಯ ಮುಂತಾದ ನಿಗದಿತ ಷರತ್ತುಗಳಲ್ಲಿ ಒಂದಾದರೂ ಪೂರೈಕೆಯಾದಲ್ಲಿ ಅನ್ವಯಿಸುತ್ತದೆ. ಅಂತಹ ಅಣೆಕಟ್ಟುಗಳನ್ನು ಮಳೆಗಾಲಕ್ಕೆ ಮುನ್ನ ಮತ್ತು ಮಳೆಗಾಲದ ನಂತರ ಪರಿಶೀಲಿಸುವುದು ಕಡ್ಡಾಯ. ಊರ ಕೆರೆಗಳ ಏರಿಗಳು ಬಹುತೇಕ 10 ಮೀಟರಿಗಿಂತ ಕಡಿಮೆ ಎತ್ತರದವಾದ್ದರಿಂದ ಈ ವ್ಯಾಪ್ತಿಯ ಹೊರಗೆ ಉಳಿಯುತ್ತವೆ. ಅಧಿನಿಯಮದ ವ್ಯಾಪ್ತಿಗೆ ಬಾರದ ಮಾತ್ರಕ್ಕೆ ಏರಿಗೆ ಅಪಾಯವಿಲ್ಲವೆಂದು ಅರ್ಥವಲ್ಲ. ಐದು ಮೀಟರ್ ಎತ್ತರದ ಏರಿಯ ಕೆಳಗೆ ಮನೆಗಳಿದ್ದರೆ, ಆ ಮನೆಯವರ ಪಾಲಿಗೆ ಅದು ದೊಡ್ಡ ಅಣೆಕಟ್ಟೇ ಆಗಿರುತ್ತದೆ.

ಏರಿಯ ಅಂಗಗಳು

ಏರಿ: ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ತಕ್ಕಷ್ಟು ತೇವ ಕೊಟ್ಟು, ದಮ್ಮಸ್ಸು ಮಾಡಿ ಕಟ್ಟಿದ ದಿಬ್ಬ. ನೀರಿನ ಕಡೆಯ ಇಳಿಜಾರಿಗೆ ಅಲೆಯ ಹೊಡೆತ ತಡೆಯಲು ಕಲ್ಲಿನ ಹೊದಿಕೆ ಇರುತ್ತದೆ. ಹೊರಗಿನ ಇಳಿಜಾರಿಗೆ ಹುಲ್ಲಿನ ಹೊದಿಕೆ ಇರಬೇಕು. ಒಳಗಿನ ತಿರುಳಿನಲ್ಲಿ ಜೇಡಿಮಣ್ಣು, ಅದರ ತಳದಲ್ಲಿ ಗಟ್ಟಿ ನೆಲದವರೆಗೆ ಇಳಿಸಿದ ಜೇಡಿಯ ಕಂದಕ ಇದ್ದಲ್ಲಿ ಸೋರಿಕೆಯು ಹತೋಟಿಯಲ್ಲಿರುತ್ತದೆ.

ತೂಬು: ಅಚ್ಚುಕಟ್ಟಿಗೆ ನೀರು ಬಿಡುವ ದ್ವಾರ. ಇದು ಏರಿಯ ಹೊಟ್ಟೆಯನ್ನು ಸೀಳಿಕೊಂಡು ಹೋಗುವುದರಿಂದ ಮಣ್ಣು ಮತ್ತು ಕಲ್ಲುಕಟ್ಟಡ ಕೂಡುವ ಜಾಗವು ಏರಿಯ ದುರ್ಬಲ ಸ್ಥಾನಗಳಲ್ಲೊಂದು.

ಕೋಡಿ: ಕೆರೆಯು ತುಂಬಿದ ಬಳಿಕ ಹೆಚ್ಚುವರಿ ನೀರು ಹೊರಹೋಗುವ ದಾರಿ. ಕೋಡಿಯ ಮಟ್ಟವೇ ಕೆರೆಯ ಪೂರ್ಣ ಮಟ್ಟ. ಮಣ್ಣಿನ ಏರಿಯ ಮೇಲೆ ನೀರು ಹರಿಯಲೇಬಾರದು. ಕೋಡಿಯು ಇರುವುದು ಅದಕ್ಕಾಗಿಯೇ.

ಮೇಲಂಚು: ಪ್ರವಾಹದ ಗರಿಷ್ಠ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಖಾಲಿ ಬಿಡುವ ಎತ್ತರ. ಇದು ವ್ಯರ್ಥವಾದ ಜಾಗದಂತೆ ಕಾಣುತ್ತದೆ. ವಾಸ್ತವವಾಗಿ ಇದು ಗಾಳಿ, ಅಲೆ, ಏರಿಯ ಕುಸಿತ ಮತ್ತು ಲೆಕ್ಕ ಮೀರಿದ ಮಳೆಗಾಗಿ ಇಟ್ಟ ಮೀಸಲು ನಿಧಿ.

ನೀರು ಏರಿಯನ್ನು ಒತ್ತುವ ಬಲವು ಆಳದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 2.5 ಮೀಟರ್ ಆಳದ ನೀರು ಏರಿಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 3 ಟನ್ ಒತ್ತಡ ಹಾಕಿದರೆ, 5 ಮೀಟರ್ ಆಳದ ನೀರು ಸುಮಾರು 12.5 ಟನ್ ಒತ್ತಡ ಹಾಕುತ್ತದೆ. ಆಳ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅರ್ಧ ತುಂಬಿದ ಕೆರೆಯಲ್ಲಿ ಸುಸ್ಥಿತಿಯಲ್ಲಿ ಕಂಡ ಏರಿಯು ತುಂಬಿದ ಕೆರೆಯಲ್ಲಿಯೂ ಹಾಗೆಯೇ ಇರುತ್ತದೆಂದು ಭಾವಿಸಬಾರದು.

ನೀರಿನ ಜಮಾ ಖರ್ಚು

ಕೆರೆಯ ನೀರಿಗೂ ಊರಿನ ಹಣಕಾಸಿನಂತೆಯೇ ಒಂದು ಲೆಕ್ಕ ಇರಬೇಕು. ಅಳತೆಗಳನ್ನು ಮೊದಲು ತಿಳಿಯುವುದು ಸೂಕ್ತ.

1 ಹೆಕ್ಟೇರ್ ಮೀಟರ್ = 10,000 ಘನ ಮೀಟರ್ = 1 ಕೋಟಿ ಲೀಟರ್
1 ದಶಲಕ್ಷ ಘನ ಅಡಿ = ಸುಮಾರು 2.83 ಕೋಟಿ ಲೀಟರ್
1 ಕ್ಯೂಸೆಕ್ ಹರಿವು = ಸೆಕೆಂಡಿಗೆ ಸುಮಾರು 28.3 ಲೀಟರ್, ದಿನವಿಡೀ ಹರಿದರೆ ಸುಮಾರು 24.5 ಲಕ್ಷ ಲೀಟರ್

ಕೆರೆಯ ತಳವು ಚಪ್ಪಟೆಯಾಗಿರದೆ ಮೇಲ್ಭಾಗಕ್ಕೆ ಇಳಿಜಾರಾಗಿರುವುದರಿಂದ, ವಿಸ್ತೀರ್ಣವನ್ನು ಗರಿಷ್ಠ ಆಳದಿಂದ ಗುಣಿಸಿ ಬಂದ ಮೊತ್ತದ ಸುಮಾರು ಐದನೇ ಎರಡು ಭಾಗವನ್ನು ಸಾಮರ್ಥ್ಯವೆಂದು ಅಂದಾಜಿಸುವ ರೂಢಿಯಿದೆ. ಇದು ಸ್ಥೂಲ ಅಂದಾಜು ಮಾತ್ರ. ನಿಖರ ಲೆಕ್ಕಕ್ಕೆ ಸಮೋನ್ನತಿ ಸಮೀಕ್ಷೆ ಬೇಕು.

ಉದಾಹರಣೆಗೆ ಒಂದು ಮಾದರಿ ಕೆರೆಯನ್ನು ತೆಗೆದುಕೊಳ್ಳೋಣ. ತುಂಬಿದಾಗ ನೀರಿನ ಹರವು 20 ಹೆಕ್ಟೇರ್. ಏರಿಯ ಬಳಿ ಆಳ 3.5 ಮೀಟರ್. ಸಾಮರ್ಥ್ಯವು 20 × 3.5 × 0.4 = 28 ಹೆಕ್ಟೇರ್ ಮೀಟರ್, ಅಂದರೆ 28 ಕೋಟಿ ಲೀಟರ್ ಆಗುತ್ತದೆ. ಇದು ಜಮಾ.

ಖರ್ಚಿನ ಕಡೆ: ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು 2 ಹೆಕ್ಟೇರ್ ಮೀಟರ್ ಎಂದಿಟ್ಟುಕೊಳ್ಳೋಣ. ನೀರಿನ ಸರಾಸರಿ ಹರವು 12 ಹೆಕ್ಟೇರ್ ಇದ್ದು, ದಿನಕ್ಕೆ 5 ಮಿಲಿಮೀಟರಿನಂತೆ ನಾಲ್ಕು ತಿಂಗಳು ಆವಿಯಾದರೆ ಸುಮಾರು 7 ಹೆಕ್ಟೇರ್ ಮೀಟರ್ ಆಕಾಶಕ್ಕೆ ಹೋಗುತ್ತದೆ. ನೆಲಕ್ಕೆ ಇಂಗುವುದನ್ನು 3 ಎಂದು ಹಿಡಿದರೆ ಉಳಿಕೆ 16 ಹೆಕ್ಟೇರ್ ಮೀಟರ್. ಇಂಗಿದ ನೀರು ಸಂಪೂರ್ಣ ನಷ್ಟವಲ್ಲ. ಅದರ ಬಹುಭಾಗ ಕೆಳಗಿನ ಬಾವಿ ಮತ್ತು ಕೊಳವೆಬಾವಿಗಳ ಖಾತೆಗೆ ವರ್ಗವಾಗುತ್ತದೆ.

ಈ 16 ಹೆಕ್ಟೇರ್ ಮೀಟರಿನಲ್ಲಿ, ಹೆಕ್ಟೇರಿಗೆ 1.2 ಮೀಟರ್ ನೀರು ಬೇಡುವ ಭತ್ತವನ್ನು ಸುಮಾರು 13 ಹೆಕ್ಟೇರಿನಲ್ಲಿ ಬೆಳೆಯಬಹುದು, 0.45 ಮೀಟರ್ ಸಾಕಾಗುವ ರಾಗಿಯಂತಹ ಅರೆ ಖುಷ್ಕಿ ಬೆಳೆಯನ್ನು ಸುಮಾರು 35 ಹೆಕ್ಟೇರಿನಲ್ಲಿ ಬೆಳೆಯಬಹುದು. ಕೆರೆ ತುಂಬಿದ ದಿನವೇ ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಇಟ್ಟು ಬೆಳೆ ನಿರ್ಧರಿಸಿದಲ್ಲಿ, ಅಚ್ಚುಕಟ್ಟಿನ ಕೊನೆಯ ರೈತನ ಪೈರು ತೆನೆ ಬಿಡುವ ವೇಳೆಗೆ ನೀರಿಲ್ಲವೆಂಬ ಮಾತು ಬರುವುದಿಲ್ಲ. ಹಿಂದೆ ಈ ಲೆಕ್ಕವು ನೀರಗಂಟಿಯ ತಲೆಯಲ್ಲಿರುತ್ತಿತ್ತು. ತೂಬಿನ ಕಂಬದ ಮೇಲೆ ನೀರು ಎಲ್ಲಿಗೆ ನಿಂತಿದೆ ಎಂದು ನೋಡಿ ಆತನು ಹಂಚಿಕೆ ಮಾಡುತ್ತಿದ್ದನು. ನೀರಗಂಟಿ ಇಲ್ಲದ ಊರುಗಳಲ್ಲಿ ತೂಬಿನ ಬಳಿ ಅಳತೆಯ ಗುರುತು ಹಾಕಿ, ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡುವುದು ಅಪೇಕ್ಷಣೀಯ.

ಏರಿಯು ಒಡೆಯುವ ಬಗೆಗಳು

ಮಣ್ಣಿನ ಏರಿಗಳು ಮುಖ್ಯವಾಗಿ ಮೂರು ಕಾರಣಗಳಿಂದ ಒಡೆಯುತ್ತವೆ.

ಮೊದಲನೆಯದು, ಏರಿಯ ಮೇಲೆ ನೀರು ಹರಿಯುವುದು. ಕೋಡಿಯು ಚಿಕ್ಕದಾಗಿದ್ದಲ್ಲಿ, ಮುಚ್ಚಿದ್ದಲ್ಲಿ ಅಥವಾ ಏರಿಯ ತಲೆಯು ಒಂದು ಕಡೆ ತಗ್ಗಾಗಿದ್ದಲ್ಲಿ ನೀರು ಆ ತಗ್ಗಿನಲ್ಲಿ ದಾಟುತ್ತದೆ. ಹೊರಗಿನ ಇಳಿಜಾರಿನ ಮಣ್ಣು ಕೊಚ್ಚಿ, ಕೊರಕಲು ಹಿಂದಕ್ಕೆ ಸರಿಯುತ್ತಾ ಕೆಲವೇ ಗಂಟೆಗಳಲ್ಲಿ ಏರಿಯು ಸೀಳುತ್ತದೆ. ಗಾಡಿ ಇಳಿದು ತಗ್ಗಾದ ಜಾಗ, ದನಗಳು ಹತ್ತಿಳಿಯುವ ದಾರಿ, ಪೈಪು ಹೂಳಲು ಅಗೆದು ಸರಿಯಾಗಿ ಮುಚ್ಚದ ಕಾಲುವೆ ಇವೆಲ್ಲವೂ ಇದಕ್ಕೆ ಆಹ್ವಾನ ನೀಡುತ್ತವೆ.

ಎರಡನೆಯದು, ಸೋರಿಕೆಯಿಂದ ಒಳಗೊಳಗೇ ಮಣ್ಣು ಕೊಚ್ಚಿಹೋಗುವುದು. ಸೋರುವ ನೀರು ತನ್ನೊಡನೆ ಮಣ್ಣಿನ ಕಣಗಳನ್ನು ಹೊತ್ತೊಯ್ದರೆ ಏರಿಯೊಳಗೆ ಒಂದು ಕೊಳವೆಯೇ ನಿರ್ಮಾಣವಾಗುತ್ತದೆ. ಇಲಿ, ಏಡಿಗಳ ಬಿಲಗಳು, ಹುತ್ತಗಳು, ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳುಗಳು ಈ ಕೊಳವೆಗೆ ಸಿದ್ಧ ದಾರಿಗಳು. ಬಳ್ಳಾರಿ ಜಾಲಿಯು ಏರಿಯನ್ನು ಹಿಡಿದಿಡುತ್ತದೆ ಎಂಬ ಭಾವನೆ ಕೆಲವೆಡೆ ಇದೆ. ಅದು ತಪ್ಪು. ಬೇರು ಬದುಕಿರುವಾಗ ಏರಿಯನ್ನು ಸಡಿಲಿಸುತ್ತದೆ, ಸತ್ತ ಮೇಲೆ ಪೊಳ್ಳು ಮಾಡುತ್ತದೆ. ಪೊದೆಯು ಸೋರಿಕೆಯನ್ನು ಕಣ್ಣಿನಿಂದ ಮರೆಮಾಡುತ್ತದೆ.

ಏರಿಯ ಸೋರಿಕೆಯ ಭಯ ಹೊಸದಲ್ಲ. ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ, ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು, ತಪ್ಪಿಸಬೇಕಾದ ಆರು ದೋಷಗಳನ್ನು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ನೀರು ಕಡಿಮೆಯಿದ್ದು ಅಚ್ಚುಕಟ್ಟು ಅತಿಯಾಗಿರುವುದೂ ಅದೇ ಪಟ್ಟಿಯಲ್ಲಿದೆ. ಸುರಕ್ಷತೆ ಮತ್ತು ಸಂಗ್ರಹಣೆ ಎರಡನ್ನೂ ಒಟ್ಟಿಗೇ ನೋಡಬೇಕೆಂಬ ತಿಳಿವು ಆರೂವರೆ ಶತಮಾನಗಳ ಹಿಂದೆಯೇ ಇತ್ತು.

ಮೂರನೆಯದು, ಇಳಿಜಾರು ಜಾರುವುದು. ನೆನೆದು ಭಾರವಾದ ಮಣ್ಣು ಒಂದು ತುಂಡಾಗಿ ಕೆಳಗಿಳಿಯುತ್ತದೆ. ಏರಿಯ ತಲೆಯ ಮೇಲೆ ಉದ್ದಕ್ಕೆ ಬಿಟ್ಟ ಬಿರುಕು ಇದರ ಮುನ್ಸೂಚನೆ. ತುಂಬಿದ ಕೆರೆಯನ್ನು ಅತಿ ವೇಗವಾಗಿ ಖಾಲಿ ಮಾಡಿದರೂ ನೀರಿನ ಕಡೆಯ ಇಳಿಜಾರು ಜಾರುವ ಸಾಧ್ಯತೆಯಿದೆ.

ಇದಲ್ಲದೆ ನಮ್ಮ ಬಯಲು ಸೀಮೆಯ ಕೆರೆಗಳು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಲ್ಪಟ್ಟಿವೆ. ಮೇಲಿನ ಕೆರೆ ಒಡೆದಲ್ಲಿ ಅದರ ನೀರೆಲ್ಲವೂ ಒಮ್ಮೆಲೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಆದುದರಿಂದ ಪಕ್ಕದೂರಿನ ಕೆರೆಯ ಏರಿಯು ನಮ್ಮೂರಿನ ವಿಷಯವೂ ಆಗಿರುತ್ತದೆ.

ಕೋಡಿಯ ಮೇಲೆ ಮರಳು ಚೀಲ: ಲಾಭವೆಷ್ಟು, ನಷ್ಟವೆಷ್ಟು?

ಮಳೆಗಾಲದ ಕೊನೆಯಲ್ಲಿ ಕೋಡಿಯ ಮೇಲೆ ಮರಳು ಚೀಲ ಜೋಡಿಸಿ ಹೆಚ್ಚು ನೀರು ನಿಲ್ಲಿಸುವ ಪದ್ಧತಿ ಅನೇಕ ಊರುಗಳಲ್ಲಿ ಕಂಡುಬರುತ್ತದೆ. ಮೀನು ಹೊರಹೋಗದಂತೆ ಕೋಡಿಗೆ ಬಲೆ ಕಟ್ಟುವುದೂ ಉಂಟು. ಬಲೆಗೆ ಕಸ, ಜೊಂಡು ಸಿಕ್ಕಿ ಅದೇ ಗೋಡೆಯಾಗುತ್ತದೆ. ನೀರಿನ ಆಸೆ ಸಹಜ. ಬರಗಾಲವನ್ನು ಕಂಡ ರೈತನಿಗೆ ಕೋಡಿಯಲ್ಲಿ ಹರಿದುಹೋಗುವ ನೀರು ಹೊಟ್ಟೆ ಉರಿಸುತ್ತದೆ. ಆದರೂ ಲೆಕ್ಕವನ್ನು ನೋಡಬೇಕು.

ಮೇಲಿನ ಮಾದರಿ ಕೆರೆಯ ಕೋಡಿಯು 20 ಮೀಟರ್ ಉದ್ದವಿದ್ದು, ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ 1 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳೋಣ. ನೀರು ಏರಿಯ ತಲೆ ಮುಟ್ಟುವ ಮುನ್ನ ಆ ಕೋಡಿಯು ಸೆಕೆಂಡಿಗೆ ಸುಮಾರು 34 ಘನ ಮೀಟರ್ ನೀರನ್ನು ಹೊರಹಾಕಬಲ್ಲದು. 30 ಸೆಂಟಿಮೀಟರ್, ಅಂದರೆ ಒಂದು ಅಡಿ ಚೀಲ ಜೋಡಿಸಿದರೆ ಅದೇ ಕೋಡಿಯು ಸುಮಾರು 20 ಘನ ಮೀಟರ್ ಮಾತ್ರ ಹೊರಹಾಕುತ್ತದೆ. ಕೋಡಿಯ ಸಾಮರ್ಥ್ಯದಲ್ಲಿ ಐದನೇ ಎರಡು ಭಾಗ ಹೋಯಿತು. ಏರಿಯ ಮೇಲಿನ ಒತ್ತಡವೂ ಶೇಕಡ 18ರಷ್ಟು ಹೆಚ್ಚಾಯಿತು. ಇದಕ್ಕೆ ಪ್ರತಿಯಾಗಿ ಬಂದ ಲಾಭ 20 ಹೆಕ್ಟೇರಿನಲ್ಲಿ ಒಂದು ಅಡಿ ನೀರು, ಸುಮಾರು 6 ಹೆಕ್ಟೇರ್ ಮೀಟರ್.

ಅದೇ 6 ಹೆಕ್ಟೇರ್ ಮೀಟರನ್ನು ಬೇರೆ ದಾರಿಯಿಂದಲೂ ಪಡೆಯಬಹುದು. ಕೆರೆಯಂಗಳದ 12 ಹೆಕ್ಟೇರಿನಲ್ಲಿ ಅರ್ಧ ಮೀಟರ್ ಹೂಳು ತೆಗೆದರೆ ಬರುವುದೂ ಅಷ್ಟೇ. ಹೂಳು ತೆಗೆಯಲು ಹಣ, ಶ್ರಮ, ಸಮಯ ಬೇಕು. ಚೀಲ ಜೋಡಿಸಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನದ ಉಳಿತಾಯಕ್ಕೆ ಅಡಮಾನವಾಗುವುದು ಏರಿಯ ಕೆಳಗಿನ ಮನೆಗಳು. ಆದ್ದರಿಂದ ಎಂಜಿನಿಯರರ ಲಿಖಿತ ಅನುಮತಿಯಿಲ್ಲದೆ ಕೋಡಿಯನ್ನು ಎತ್ತರಿಸುವುದಾಗಲಿ, ಅದಕ್ಕೆ ಬಲೆ ಅಥವಾ ತಡೆ ಕಟ್ಟುವುದಾಗಲಿ ಸರ್ವಥಾ ಕೂಡದು. ಹಿನ್ನೀರಿನಲ್ಲಿ ಜಮೀನು ಮುಳುಗುವ ಕಾರಣಕ್ಕೆ ಕೋಡಿಯನ್ನು ಒಡೆದು ತಗ್ಗಿಸುವುದೂ ಅಷ್ಟೇ ತಪ್ಪು.

ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂಬ ಮಾತನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಒಮ್ಮೆ ಬಂದರೆ ಮತ್ತೆ ನೂರು ವರ್ಷ ಬಾರದು ಎಂದು ಅದರ ಅರ್ಥವಲ್ಲ. ಯಾವುದೇ ವರ್ಷದಲ್ಲಿ ಬರುವ ಸಾಧ್ಯತೆ ಶೇಕಡ 1 ಎಂದರ್ಥ. ಈ ಲೆಕ್ಕದಂತೆ 30 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇಕಡ 26.

ಬಹುಕಾಲ ಒಣಗಿದ್ದ ಕೆರೆ ತುಂಬುವಾಗ

ಅನೇಕ ವರ್ಷ ಬರಿದಾಗಿದ್ದ ಕೆರೆಗೆ ನೀರು ಬಂದಾಗ ಊರು ಸಂಭ್ರಮಿಸುತ್ತದೆ. ಕೋಡಿ ಬಿದ್ದ ದಿನ ಗಂಗಾಪೂಜೆ ಮಾಡಿ ಬಾಗಿನ ಅರ್ಪಿಸುವುದು ವಾಡಿಕೆ. ಏರಿಯ ಪಾಲಿಗೆ ಅದೇ ಅತ್ಯಂತ ಕಠಿಣ ಪರೀಕ್ಷೆಯ ದಿನ. ಒಣಗಿದ ಕಾಲದಲ್ಲಿ ಜೇಡಿಮಣ್ಣು ಕುಗ್ಗಿ ಬಿರುಕು ಬಿಟ್ಟಿರುತ್ತದೆ, ಇಲಿಗಳು ಬಿಲ ತೋಡಿರುತ್ತವೆ, ಗಿಡಗಳು ಬೇರೂರಿರುತ್ತವೆ, ಏರಿಯ ಮಣ್ಣನ್ನು ಯಾರಾದರೂ ಒಯ್ದಿರುತ್ತಾರೆ, ಕೋಡಿಯ ಹಳ್ಳವು ಒತ್ತುವರಿಯಾಗಿರುತ್ತದೆ.

ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯಲು ಆರಂಭಿಸಿತು. 2021 ಮತ್ತು 2022ರ ಭಾರಿ ಮಳೆಯಲ್ಲಿ ದಕ್ಷಿಣ ಒಳನಾಡಿನ ಬಹಳಷ್ಟು ಕೆರೆಗಳು ವರ್ಷಗಳ ನಂತರ ಕೋಡಿ ಬಿದ್ದವು. ಇಂತಹ ಕೆರೆಗಳಲ್ಲಿ ನೀರು ಮೊದಲ ಬಾರಿ ಏರುವಾಗ ಪ್ರತಿದಿನ ಏರಿಯನ್ನು ನಡೆದು ನೋಡುವುದು ಅತ್ಯವಶ್ಯ.

ಮೊದಲ ತುಂಬುವಿಕೆಯ ಅಪಾಯಕ್ಕೆ ಜಗತ್ತಿನಲ್ಲೇ ಪ್ರಸಿದ್ಧವಾದ ನಿದರ್ಶನ ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟು. ಸುಮಾರು 93 ಮೀಟರ್ ಎತ್ತರದ ಈ ಹೊಸ ಮಣ್ಣಿನ ಅಣೆಕಟ್ಟು ಮೊದಲ ಬಾರಿ ತುಂಬುತ್ತಿದ್ದಾಗ, 1976ರ ಜೂನ್ 5ರ ಬೆಳಿಗ್ಗೆ ಅದರಲ್ಲಿ ಕೆಸರು ನೀರಿನ ಸೋರಿಕೆ ಕಾಣಿಸಿಕೊಂಡಿತು. ಮಧ್ಯಾಹ್ನ 12 ಗಂಟೆಯೊಳಗೆ ಅಣೆಕಟ್ಟು ಒಡೆಯಿತು. 11 ಮಂದಿ ಮೃತಪಟ್ಟರು.

ನಮಗೆ ಸಮೀಪದ ಮತ್ತು ಗಾತ್ರದಲ್ಲಿಯೂ ಹತ್ತಿರದ ನಿದರ್ಶನ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು. 2019ರ ಜುಲೈ 2ರ ರಾತ್ರಿ, ಭಾರಿ ಮಳೆಯಲ್ಲಿ ಈ ಚಿಕ್ಕ ಮಣ್ಣಿನ ಅಣೆಕಟ್ಟು ಒಡೆದು ಕೆಳಗಿನ ಮನೆಗಳು ಕೊಚ್ಚಿಹೋದವು. ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು. ಅಣೆಕಟ್ಟು ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರೆಂದು ಆಗಿನ ವರದಿಗಳು ತಿಳಿಸಿದ್ದವು. ಅದೇ ವರ್ಷದ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು.

ಹೂಳೆತ್ತುವಾಗ ಗಮನಿಸಬೇಕಾದ ಅಂಶಗಳು

ಹೂಳೆತ್ತುವುದು ಒಳ್ಳೆಯ ಕಾರ್ಯ. ಆದರೆ ಅದನ್ನು ತಪ್ಪಾಗಿ ಮಾಡಿದಲ್ಲಿ ಏರಿಗೆ ಹಾನಿಯಾಗುತ್ತದೆ.

1. ಏರಿಯ ಬುಡದ ಬಳಿ ಅಗೆಯಬಾರದು. ಅಲ್ಲಿ ಕೂತ ಜೇಡಿಯ ಪದರವೇ ಎಷ್ಟೋ ಕೆರೆಗಳಲ್ಲಿ ಸೋರಿಕೆಯನ್ನು ತಡೆದಿರುತ್ತದೆ. ಬುಡದ ಮಣ್ಣು ಇಳಿಜಾರಿಗೆ ಆಧಾರವೂ ಆಗಿರುತ್ತದೆ. ಎಂಜಿನಿಯರು ಗುರುತು ಹಾಕಿದ ಗಡಿಯನ್ನು ಯಂತ್ರಗಳು ದಾಟದಂತೆ ಊರಿನವರೇ ನೋಡಿಕೊಳ್ಳಬೇಕು.
2. ಹೂಳನ್ನು ಮಾತ್ರ ತೆಗೆಯಬೇಕು. ಹೂಳಿನ ಕೆಳಗಿನ ಮೂಲ ನೆಲವನ್ನು ಅಗೆದು ಗುಂಡಿ ಮಾಡಬಾರದು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯ ನೀರು ಅಚ್ಚುಕಟ್ಟಿಗೆ ಬಾರದು. ಅಂತಹ ಆಳವಾದ ಗುಂಡಿಗಳಲ್ಲಿ ಮಕ್ಕಳು ಮತ್ತು ಜಾನುವಾರುಗಳು ಮುಳುಗುವ ಅಪಾಯವಿದೆ.
3. ತೆಗೆದ ಹೂಳನ್ನು ಏರಿಯ ಮೇಲೆ ಸಡಿಲವಾಗಿ ಸುರಿಯಬಾರದು. ದಮ್ಮಸ್ಸು ಇಲ್ಲದ ಮಣ್ಣು ಏರಿಗೆ ಬಲವಲ್ಲ, ಭಾರ.
4. ಹೊಲಕ್ಕೆ ಒಯ್ಯುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಒಳಿತು.
5. ಪೋಷಕ ಕಾಲುವೆಗಳು ಮುಚ್ಚಿದ್ದರೆ ಹೂಳು ತೆಗೆದರೂ ಕೆರೆ ತುಂಬುವುದಿಲ್ಲ. ಜಲಾನಯನ ಪ್ರದೇಶದಲ್ಲಿ ಬದು, ಗಿಡ, ಹುಲ್ಲು ಇಲ್ಲದಿದ್ದರೆ ತೆಗೆದ ಹೂಳು ಮತ್ತೆ ಬಂದು ಸೇರುತ್ತದೆ.

ಪರಿಶೀಲನೆಯ ಪಟ್ಟಿ

ಮಳೆಗಾಲಕ್ಕೆ ಮುನ್ನ:
ಏರಿಯ ಮೇಲಿನ ಪೊದೆಗಳನ್ನು ತೆರವುಗೊಳಿಸುವುದು. ದೊಡ್ಡ ಮರಗಳನ್ನು ಎಂಜಿನಿಯರರ ಸಲಹೆಯಿಲ್ಲದೆ ಬುಡಸಹಿತ ಕೀಳಬಾರದು. ತಲೆಯ ಮೇಲಿನ ತಗ್ಗುಗಳನ್ನು ತಕ್ಕ ಮಣ್ಣಿನಿಂದ ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡುವುದು. ಕಳಚಿದ ಕಲ್ಲು ಹೊದಿಕೆಯನ್ನು ಜೋಡಿಸುವುದು. ತೂಬಿನ ಬಾಗಿಲನ್ನು ಒಮ್ಮೆ ಎತ್ತಿ ಇಳಿಸಿ ನೋಡುವುದು. ಕೋಡಿ ಮತ್ತು ಅದರ ಕೆಳಗಿನ ಹಳ್ಳವನ್ನು ಸ್ವಚ್ಛಗೊಳಿಸುವುದು.

ಮಳೆಗಾಲದಲ್ಲಿ:
ದೊಡ್ಡ ಮಳೆಯ ಮರುದಿನ ಇಬ್ಬರು ಜೊತೆಯಾಗಿ ಏರಿಯ ತಲೆಯ ಮೇಲೆ ಒಮ್ಮೆ, ಹೊರಗಿನ ಬುಡದ ಉದ್ದಕ್ಕೂ ಒಮ್ಮೆ ನಡೆದು ನೋಡುವುದು. ಬಿರುಕು, ಕುಸಿತ, ಹೊಸ ಒದ್ದೆ, ಸುತ್ತ ಒಣಗಿದ್ದರೂ ಒಂದೇ ಕಡೆ ಹಸಿರಾಗಿರುವ ಹುಲ್ಲು, ತೂಬಿನ ಪಕ್ಕದ ಜಿನುಗು ಇವುಗಳನ್ನು ಗಮನಿಸುವುದು.

ಮಳೆಗಾಲದ ನಂತರ:
ಕೊರಕಲುಗಳನ್ನು ಮುಚ್ಚುವುದು, ಕಂಡ ದೋಷಗಳನ್ನು ಬರೆದಿಟ್ಟು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ಗ್ರಾಮ ಪಂಚಾಯಿತಿಗೆ ಸಲ್ಲಿಸುವುದು.

ಸೋರಿಕೆಯನ್ನು ಅಳೆಯಲು ಯಂತ್ರ ಬೇಕಿಲ್ಲ. ಸೋರುವ ನೀರನ್ನು ಒಂದೆಡೆ ಹರಿಸಿ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಡಬೇಕು. 20 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್ ಸೋರುತ್ತಿದೆ. ನೀರು ತಿಳಿಯಾಗಿದ್ದು, ಕೆರೆಯ ಮಟ್ಟ ಬದಲಾಗದಿರುವಾಗ ಅಳತೆಯೂ ಬದಲಾಗದಿದ್ದರೆ ನಿಗಾ ವಹಿಸಿದರೆ ಸಾಕು. ಕೆರೆಯ ಮಟ್ಟ ಏರದಿದ್ದರೂ ಸೋರಿಕೆ ಹೆಚ್ಚುತ್ತಿದ್ದರೆ ಎಂಜಿನಿಯರರಿಗೆ ತಿಳಿಸಬೇಕು. ನೀರು ಕೆಸರಾಗಿ ಬಂದರೆ ಅದು ತುರ್ತು ಪರಿಸ್ಥಿತಿ. ಏಕೆಂದರೆ ಹೊರಗೆ ಬರುತ್ತಿರುವುದು ಏರಿಯೇ.

ಅಪಾಯದ ಸಂದರ್ಭದಲ್ಲಿ

1. ಮೊದಲು ಜನ, ನಂತರ ಏರಿ. ಕೆಸರು ನೀರಿನ ಸೋರಿಕೆ, ಹೆಚ್ಚುತ್ತಿರುವ ಕುಸಿತ ಅಥವಾ ಏರಿಯ ತಲೆಗೆ ಸಮೀಪಿಸುತ್ತಿರುವ ನೀರು ಕಂಡಲ್ಲಿ ಕೆಳಭಾಗದ ಮನೆಗಳವರನ್ನು ಎತ್ತರದ ಜಾಗಕ್ಕೆ ಕಳುಹಿಸಬೇಕು. ರಾತ್ರಿಯಾದಲ್ಲಿ ಬೆಳಗಾಗಲೆಂದು ಕಾಯಬಾರದು.
2. ತುರ್ತು ಸಂಖ್ಯೆ 112 ಅಥವಾ ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರದ 1077ಕ್ಕೆ ಕರೆ ಮಾಡಬೇಕು. ತಹಶೀಲ್ದಾರರಿಗೆ ಮತ್ತು ಕೆಳಗಿನ ಕೆರೆಯ ಊರಿನವರಿಗೆ ತಿಳಿಸಬೇಕು.
3. ಸೋರುವ ಬಾಯಿಯನ್ನು ಹೊರಗಿನಿಂದ ಜೇಡಿಮಣ್ಣಿನಿಂದ ಮುಚ್ಚಬಾರದು. ಮುಚ್ಚಿದಲ್ಲಿ ಒಳಗಿನ ಒತ್ತಡ ಹೆಚ್ಚಿ ನೀರು ಬೇರೆ ಕಡೆ ಒಡೆಯುತ್ತದೆ. ಅದರ ಮೇಲೆ ಮೊದಲು ಮರಳು, ನಂತರ ಜಲ್ಲಿ, ಆಮೇಲೆ ಕಲ್ಲು ಹೇರಬೇಕು. ಹೀಗೆ ಮಾಡಿದಾಗ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಏರಿಯು ಕುಸಿಯುತ್ತಿದ್ದರೆ ಈ ಕೆಲಸಕ್ಕೂ ಯಾರೂ ಇಳಿಯಬಾರದು.
4. ತೂಬನ್ನು ತೆರೆದು ಮಟ್ಟವನ್ನು ಇಳಿಸಬೇಕು. ತೂಬಿನ ಪಕ್ಕದಲ್ಲೇ ಸೋರಿಕೆಯಿದ್ದರೆ ಎಂಜಿನಿಯರರ ಸೂಚನೆಯಂತೆ ನಡೆಯಬೇಕು.
5. ಏರಿಯನ್ನು ತಾವಾಗಿಯೇ ಕಡಿಯಬಾರದು. ಕಡಿದ ಕಾಲುವೆ ನಿಮಿಷಗಳಲ್ಲಿ ಕಂದಕವಾಗಿ ಹತೋಟಿ ಮೀರುತ್ತದೆ.
6. ಏರಿಯ ಮೇಲೆ ವಾಹನ ಸಂಚಾರವನ್ನು, ನೋಡಲು ಬರುವವರನ್ನು ತಡೆಯಬೇಕು.

ಅರ್ಜಿ ಬರೆಯುವ ಕ್ರಮ

ಕೆರೆಗಳ ಬಗ್ಗೆ ಶಾಖೆಗಳಿಗೆ ಬರುವ ಅರ್ಜಿಗಳಲ್ಲಿ "ಕೆರೆ ಒಡೆಯುವ ಸ್ಥಿತಿಯಲ್ಲಿದೆ, ಕೂಡಲೇ ಕ್ರಮ ಕೈಗೊಳ್ಳಬೇಕು" ಎಂಬಷ್ಟೇ ಒಕ್ಕಣೆ ಇರುವುದು ಸಾಮಾನ್ಯ. ಬರೆದವರ ಆತಂಕ ನಿಜವೇ ಆಗಿರುತ್ತದೆ. ಆದರೆ ಅದೇ ಒಕ್ಕಣೆಯ ಹಲವು ಅರ್ಜಿಗಳ ನಡುವೆ ಯಾವುದನ್ನು ಅಂದೇ ಎಂಜಿನಿಯರರಿಗೆ ಕಳುಹಿಸಬೇಕು, ಯಾವುದು ವಾರ ಕಾಯಬಹುದು ಎಂದು ಕಡತ ನೋಡುವವರಿಗೆ ತಿಳಿಯುವುದಿಲ್ಲ. ಆದಕಾರಣ ಈ ಕೆಳಕಂಡ ವಿವರಗಳನ್ನು ನೀಡುವಂತೆ ಕೋರಲಾಗಿದೆ:

1. ಕೆರೆಯ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ಸಂಖ್ಯೆ.
2. ದೋಷವು ಏರಿಯ ಯಾವ ಭಾಗದಲ್ಲಿದೆ. ತೂಬಿನಿಂದ ಅಥವಾ ಕೋಡಿಯಿಂದ ಎಷ್ಟು ಹೆಜ್ಜೆ ದೂರ.
3. ಸೋರಿಕೆಯಾದಲ್ಲಿ ನೀರು ತಿಳಿಯೋ ಕೆಸರೋ, ಬಕೆಟ್ ತುಂಬುವ ಸಮಯ, ಎಂದಿನಿಂದ ಕಂಡಿದೆ.
4. ಅಂದು ಕೆರೆಯ ನೀರು ಕೋಡಿಗಿಂತ ಎಷ್ಟು ಕೆಳಗಿತ್ತು.
5. ಏರಿಯ ಕೆಳಗೆ ಸಮೀಪದಲ್ಲಿ ಎಷ್ಟು ಮನೆ, ಶಾಲೆ, ಅಂಗನವಾಡಿಗಳಿವೆ.
6. ದಿನಾಂಕ ಸಹಿತ ಛಾಯಾಚಿತ್ರ.

ಐದನೆಯ ಅಂಶವನ್ನು ಬಹುತೇಕ ಅರ್ಜಿದಾರರು ಬರೆಯುವುದೇ ಇಲ್ಲ. ಆದ್ಯತೆಯನ್ನು ನಿರ್ಧರಿಸುವಲ್ಲಿ ಅದಕ್ಕಿಂತ ಮುಖ್ಯವಾದ ಅಂಶ ಮತ್ತೊಂದಿಲ್ಲ. ಸ್ವೀಕೃತಿ ಪತ್ರವನ್ನು ಪಡೆದು ಇಟ್ಟುಕೊಳ್ಳುವುದು ಅರ್ಜಿದಾರರ ಹಕ್ಕು. ಮೇಲೆ ವಿವರಿಸಿದ ತುರ್ತು ಲಕ್ಷಣಗಳು ಕಂಡಲ್ಲಿ ಅರ್ಜಿ ಬರೆಯುತ್ತಾ ಕೂರದೆ ಮೊದಲು ದೂರವಾಣಿ ಕರೆ ಮಾಡಬೇಕು.

ಕೊನೆಯ ಮಾತು

ಕೆರೆಯಲ್ಲಿ ಎಷ್ಟು ನೀರು ನಿಲ್ಲಿಸಬಹುದು ಎಂಬ ಪ್ರಶ್ನೆಗೆ ಏರಿಯು ಎಷ್ಟನ್ನು ತಾಳಬಲ್ಲದು ಎಂಬುದೇ ಉತ್ತರ. ವರ್ಷಕ್ಕೆ ಎರಡು ಬಾರಿ ಊರಿನವರು ಒಟ್ಟಾಗಿ ಏರಿಯ ಉದ್ದಕ್ಕೂ ನಡೆಯುವುದು, ಕೋಡಿಯನ್ನು ತೆರೆದಿಡುವುದು, ಸೋರಿಕೆಯನ್ನು ಬರೆದಿಡುವುದು ಇವು ಖರ್ಚಿಲ್ಲದ ಕೆಲಸಗಳು. ಕೋಡಿ ಬಿದ್ದ ದಿನ ಬಾಗಿನ ಅರ್ಪಿಸಲು ಏರಿಯ ಮೇಲೆ ಸೇರುವ ಗ್ರಾಮಸ್ಥರಲ್ಲಿ ಇಬ್ಬರು, ಪೂಜೆ ಮುಗಿದ ಬಳಿಕ ಏರಿಯ ಹೊರಬುಡವನ್ನೂ ಒಮ್ಮೆ ನಡೆದು ನೋಡಿ ಮನೆಗೆ ಹೋಗಬೇಕೆಂದು ಈ ಮೂಲಕ ವಿನಂತಿಸಲಾಗಿದೆ.